ತುಮಕೂರು ಸೀಮೆಯ ಆರೋಗ್ಯ ಸಂಶೋಧನೆ: ಕ್ಷಯ ಸಮೀಕ್ಷೆಯಿಂದ ಪ್ರೌಢಪ್ರಬಂಧದವರೆಗೆ

ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಓದುವವರಿಗೆ ಆಸ್ಪತ್ರೆಯ ವಾರ್ಡು ಸಾಲದು, ಒಂದು ಸೀಮೆಯೇ ಬೇಕು. ಎಷ್ಟು ಮನೆ, ಎಷ್ಟು ಜನ, ಅವರಲ್ಲಿ ಯಾರಿಗೆ ಯಾವ ಕಾಯಿಲೆ, ಕಾಯಿಲೆ ಬಿದ್ದವರು ಎಲ್ಲಿಗೆ ಹೋದರು, ಹೋದಲ್ಲಿ ಏನು ಸಿಕ್ಕಿತು ಎಂದು ಮನೆ ಮನೆಗೆ ಹೋಗಿ ಲೆಕ್ಕ ಹಿಡಿಯುವುದು ಈ ವಿದ್ಯೆಯ ಮೊದಲ ಪಾಠ. ಅಂಥ ಪಾಠಕ್ಕೆ ತುಮಕೂರು ಜಿಲ್ಲೆ ಅರವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಒದಗಿಬಂದಿದೆ. ಭಾರತದ ಕ್ಷಯ ನಿಯಂತ್ರಣ ಕಾರ್ಯಕ್ರಮ ನಿಂತಿರುವ ತಳಹದಿಯ ಒಂದು ಭಾಗ ಈ ಜಿಲ್ಲೆಯ ಹಳ್ಳಿಗಳಲ್ಲಿ ಸಂಗ್ರಹಿಸಿದ ಮಾಹಿತಿ. ಆ ಮಾಹಿತಿ ಜಿನೀವಾದಲ್ಲಿ ಅಚ್ಚಾಯಿತು. ಜಿಲ್ಲೆಯೊಳಗೆ ಅದರ ಸುದ್ದಿ ತಿಳಿದವರು ಕಡಿಮೆ.

ಈ ಜಿಲ್ಲೆಯ ಹಳ್ಳಿಗಾಡಿಗೆ ಹೆಬ್ಬೂರನ್ನು ಉದಾಹರಣೆಯಾಗಿ ನೋಡಬಹುದು. ಅದು ತುಮಕೂರು ತಾಲ್ಲೂಕಿನ ದಕ್ಷಿಣದ ಹೋಬಳಿ. ತುಮಕೂರು–ಕುಣಿಗಲ್ ರಸ್ತೆಯಲ್ಲಿ, ಜಿಲ್ಲಾ ಕೇಂದ್ರದಿಂದ ಸುಮಾರು 20 ಕಿ.ಮೀ. ದೂರದಲ್ಲಿದೆ. ಪಶ್ಚಿಮಕ್ಕೆ ಸರಿದರೆ ಗುಬ್ಬಿ ತಾಲ್ಲೂಕು, ದಕ್ಷಿಣಕ್ಕೆ ಇಳಿದರೆ ಕುಣಿಗಲ್. ರಾಗಿ ಹೊಲ, ತೆಂಗು–ಅಡಿಕೆಯ ತೋಟ, ಮಳೆಯನ್ನು ನಂಬಿದ ಕೆರೆಗಳ ಈ ಸೀಮೆ ಸಂಶೋಧಕರಿಗೆ ಒಂದು ತೊಡಕನ್ನೂ ಒಡ್ಡುತ್ತದೆ. ಇಲ್ಲಿನವರು ಕಾಯಿಲೆಯಾದರೆ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಕೆಲವರು ಹತ್ತಿರದ ಆರೋಗ್ಯ ಕೇಂದ್ರಕ್ಕೆ, ಕೆಲವರು ತುಮಕೂರಿನ ಜಿಲ್ಲಾಸ್ಪತ್ರೆಗೆ, ಕೆಲವರು ಕುಣಿಗಲ್ಲಿಗೆ, ಕೈಯಲ್ಲಿ ಕಾಸಿದ್ದರೆ ನೇರ ಬೆಂಗಳೂರಿಗೆ ಬಸ್ಸು ಹತ್ತುತ್ತಾರೆ. ಮೊದಲು ಊರಿನ ಆರ್‌ಎಂಪಿ ಹತ್ತಿರ ಒಂದು ಸೂಜಿ ಹಾಕಿಸಿಕೊಂಡು ನೋಡೋಣ ಎನ್ನುವವರೂ ಇದ್ದಾರೆ. ಹೀಗಿರುವಲ್ಲಿ ಯಾವುದೋ ಒಂದು ಆಸ್ಪತ್ರೆಯ ಹೊರರೋಗಿ ಪುಸ್ತಕ ತೆರೆದು ಸೀಮೆಯ ಆರೋಗ್ಯವನ್ನು ಅಳೆಯಲಾಗದು. ಮನೆ ಬಾಗಿಲಿಗೇ ಹೋಗಬೇಕು.

ಮನೆ ಬಾಗಿಲಿಗೆ ಹೋಗಿ ಕಲಿಯುವ ಕ್ರಮ ಹಳೆಯ ಮೈಸೂರು ಸಂಸ್ಥಾನಕ್ಕೆ ಬಂದದ್ದು 1920ರ ದಶಕದ ಕೊನೆಗೆ. ಆಗ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸಂಸ್ಥಾನದ ಆರೋಗ್ಯ ಇಲಾಖೆಯೊಂದಿಗೆ ಕೈಜೋಡಿಸಿತು. ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ಶುರುವಾಯಿತು. ಇರ್ವಿನ್ ನಾಲೆಯ ನೀರು ಹರಿದ ಪ್ರದೇಶದಲ್ಲಿ ಮಲೇರಿಯಾ ಹೆಚ್ಚಿದ್ದರಿಂದ ಅಲ್ಲಿ ಸೊಳ್ಳೆಯ ಅಧ್ಯಯನಕ್ಕೂ ಕೆಲಸವಿತ್ತು. 1930ರ ದಶಕದಲ್ಲಿ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಆರೋಗ್ಯ ಘಟಕದೊಂದಿಗೆ ತರಬೇತಿ ಕೇಂದ್ರವೂ ಬಂತು. ಹೆಲ್ತ್ ಇನ್‌ಸ್ಪೆಕ್ಟರು, ದಾದಿ, ವೈದ್ಯಾಧಿಕಾರಿ ಎಲ್ಲರೂ ಹಳ್ಳಿಯ ನಡುವೆಯೇ ಕಲಿಯಲಿ ಎಂಬುದು ಅದರ ಆಶಯ. ಅದೇ ಪ್ರತಿಷ್ಠಾನದ ನೆರವಿನಿಂದ 1932ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಬಹಳ ಕಾಲ ದೇಶದ ಆರೋಗ್ಯಾಧಿಕಾರಿಗಳಿಗೆ ಸ್ನಾತಕೋತ್ತರ ವಿದ್ಯೆಯ ಮುಖ್ಯ ನೆಲೆಯಾಗಿತ್ತು. ರಾಮನಗರದ ಹೆಸರು 1950ರ ದಶಕದ ಆರಂಭದಲ್ಲಿ ಮತ್ತೊಮ್ಮೆ ಹೊರದೇಶಗಳಿಗೆ ಕೇಳಿಸಿತು. ದಿನ ಎಣಿಸಿ ಗರ್ಭ ತಡೆಯುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಯೋಗಿಸಿ ನೋಡಿದ ಎರಡು ಜಾಗಗಳಲ್ಲಿ ಒಂದು ದೆಹಲಿಯ ಲೋದಿ ಕಾಲೊನಿ, ಇನ್ನೊಂದು ರಾಮನಗರ. ಲೆಕ್ಕ ತಪ್ಪದಿರಲೆಂದು ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟಿದ್ದರು. ಆ ಪ್ರಯೋಗ ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ.

ತುಮಕೂರಿನ ಸರದಿ ಬಂದದ್ದು ಕ್ಷಯದ ಮೂಲಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1955ರಿಂದ 1958ರವರೆಗೆ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆ ಒಂದು ಹಳೆಯ ನಂಬಿಕೆಯನ್ನು ಅಳಿಸಿಹಾಕಿತ್ತು. ಕ್ಷಯ ಪಟ್ಟಣದ ರೋಗ, ಗಿರಣಿ ಕೂಲಿಗಳ ರೋಗ ಎಂದು ವೈದ್ಯರೂ ನಂಬಿದ್ದ ಕಾಲ ಅದು. ಹಳ್ಳಿಯಲ್ಲೂ ರೋಗ ಅಷ್ಟೇ ಇದೆ ಎಂದು ಸಮೀಕ್ಷೆ ತೋರಿಸಿತು. ದೇಶದ ಹೆಚ್ಚಿನ ಜನ ಹಳ್ಳಿಯಲ್ಲಿದ್ದ ಮೇಲೆ ಹೆಚ್ಚಿನ ರೋಗಿಗಳೂ ಅಲ್ಲೇ ಇದ್ದರು. ಸ್ಯಾನಿಟೋರಿಯಂಗಳು ಮಾತ್ರ ಊರಾಚೆಯ ಬೆಟ್ಟಗಳ ಮೇಲಿದ್ದವು, ಹಾಸಿಗೆಗಳೂ ಕೆಲವೇ. ಅಷ್ಟರಲ್ಲಿ ಮದರಾಸಿನ ಕ್ಷಯ ಕೀಮೋಥೆರಪಿ ಕೇಂದ್ರ, ಮನೆಯಲ್ಲೇ ಇದ್ದು ಮಾತ್ರೆ ನುಂಗಿದ ರೋಗಿಗಳು ಸ್ಯಾನಿಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆಂದು 1959ರಲ್ಲಿ ವರದಿ ಮಾಡಿತು. ಔಷಧ ಸಿದ್ಧವಿತ್ತು, ರೋಗಿಗಳಿದ್ದಾರೆಂಬುದೂ ತಿಳಿದಿತ್ತು. ಹಳ್ಳಿಯ ರೋಗಿಗೆ ಔಷಧವನ್ನು ತಲುಪಿಸುವ ದಾರಿ ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಆ ದಾರಿ ಹುಡುಕಲೆಂದೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಬಳ್ಳಾರಿ ರಸ್ತೆಯಲ್ಲಿ ಮೈಸೂರು ಅರಸರಿಗೆ ಸೇರಿದ್ದ ‘ಅವಲಾನ್’ ಬಂಗಲೆಯಲ್ಲಿ 1959ರಲ್ಲಿ ಕೆಲಸ ಆರಂಭವಾಯಿತು. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ವಿಧ್ಯುಕ್ತವಾಗಿ ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ತಜ್ಞರನ್ನು ಕಳಿಸಿತು, ಯುನಿಸೆಫ್ ಸಲಕರಣೆ ಕೊಟ್ಟಿತು. ವೈದ್ಯ, ಸಂಖ್ಯಾಶಾಸ್ತ್ರಜ್ಞ, ಸಮಾಜವಿಜ್ಞಾನಿ, ಎಕ್ಸ್‌ರೇ ತಂತ್ರಜ್ಞ, ದಾದಿ ಒಂದೇ ಮೇಜಿನ ಸುತ್ತ ಕುಳಿತು ಯೋಚಿಸುವುದು ಆ ಕಾಲಕ್ಕೆ ಅಪರೂಪ. ಅಲ್ಲಿದ್ದ ಡೆನ್ಮಾರ್ಕಿನ ವೈದ್ಯ ಹಾಫ್‌ಡಾನ್ ಮಾಹ್ಲರ್ ಮುಂದೆ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. ಅವರ ಅವಧಿಯಲ್ಲೇ, 1978ರಲ್ಲಿ, ಪ್ರಾಥಮಿಕ ಆರೋಗ್ಯವೇ ಮೊದಲು ಎನ್ನುವ ಆಲ್ಮಾ ಆಟಾ ಘೋಷಣೆ ಹೊರಬಿತ್ತು. ಬೆಂಗಳೂರಿನ ವರ್ಷಗಳ ನೆರಳು ಆ ಘೋಷಣೆಯ ಮೇಲೆ ಇದೆ ಎಂದರೆ ಅತಿಶಯವಾಗದು.

ಸಂಸ್ಥೆಯ ಮೊದಲ ದೊಡ್ಡ ಕ್ಷೇತ್ರಕಾರ್ಯವೇ 1960–61ರ ತುಮಕೂರು ಜಿಲ್ಲೆಯ ಕ್ಷಯ ಸಮೀಕ್ಷೆ. ಆಗ ಜಿಲ್ಲೆಯ ಜನಸಂಖ್ಯೆ 13 ಲಕ್ಷ ದಾಟಿತ್ತು. ಎಲ್ಲರನ್ನೂ ಪರೀಕ್ಷಿಸುವುದು ಆಗದ ಮಾತು. ಆದ್ದರಿಂದ ಚೀಟಿ ಎತ್ತಿದಂತೆ ಯಾದೃಚ್ಛಿಕ ಕ್ರಮದಲ್ಲಿ 62 ಹಳ್ಳಿಗಳನ್ನೂ ಪಟ್ಟಣಗಳ 4 ಬ್ಲಾಕುಗಳನ್ನೂ ಆರಿಸಿಕೊಂಡರು. ರಾಜ್ ನಾರಾಯಣ್, ಆಂಟನ್ ಗೇಸರ್, ಎಂ.ವಿ. ಜಂಬುನಾಥನ್, ಎಂ. ಸುಬ್ರಮಣಿಯನ್ ಇದರ ಫಲಿತಾಂಶವನ್ನು 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟಿಸಿದರು.

ಸಮೀಕ್ಷೆಯ ಕೆಲಸಕ್ಕೆ ಒಂದು ಕಟ್ಟುನಿಟ್ಟಾದ ಕ್ರಮವಿತ್ತು. ಮೊದಲು ಗಣತಿದಾರರು ಮನೆ ಮನೆಗೆ ಹೋಗಿ ಪ್ರತಿಯೊಬ್ಬರ ಹೆಸರು, ವಯಸ್ಸು ಬರೆದುಕೊಳ್ಳುವರು. ಹುಟ್ಟಿದ ದಿನ ಬರೆದಿಟ್ಟುಕೊಂಡವರು ಕಡಿಮೆಯಿದ್ದ ಕಾಲದಲ್ಲಿ ವಯಸ್ಸು ಹಿಡಿಯುವುದೇ ಒಂದು ವಿದ್ಯೆ. ಬಳಿಕ ಮುಂದೋಳಿನ ಚರ್ಮದೊಳಗೆ ಟ್ಯೂಬರ್ಕ್ಯುಲಿನ್ ಚುಚ್ಚಿ, ಮೂರು ದಿನ ಬಿಟ್ಟು ಬಂದು, ಎದ್ದ ಗಂಟಿನ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುವರು. ಮೈಯೊಳಗೆ ಕ್ಷಯದ ಸೋಂಕು ಎಂದಾದರೂ ಹೊಕ್ಕಿದೆಯೇ ಎಂಬುದಕ್ಕೆ ಅದೇ ಗುರುತು. ದೊಡ್ಡವರಿಗೆ ಎದೆಯ ಎಕ್ಸ್‌ರೇ, 70 ಮಿ.ಮೀ. ಅಗಲದ ಪುಟ್ಟ ಫಿಲ್ಮಿನ ಮೇಲೆ. ಕರೆಂಟು ಕಾಣದ ಹಳ್ಳಿಗಳಿಗೆ ಎಕ್ಸ್‌ರೇ ವ್ಯಾನು ತನ್ನದೇ ಜನರೇಟರ್ ಹೊತ್ತು ಬರಬೇಕಾಗಿತ್ತು. ಚಿತ್ರದಲ್ಲಿ ಅನುಮಾನ ಕಂಡವರ ಕಫವನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವುದಲ್ಲದೆ, ಕೃಷಿಮಾಧ್ಯಮದಲ್ಲಿ ಬೆಳೆಸಿಯೂ ಪರೀಕ್ಷಿಸುತ್ತಿದ್ದರು. ಕ್ಷಯದ ರೋಗಾಣು ಬಲು ನಿಧಾನಿ. ಬೆಳೆದು ಕಣ್ಣಿಗೆ ಕಾಣಲು ವಾರಗಟ್ಟಲೆ ಬೇಕು.

ಫಲಿತಾಂಶದಲ್ಲಿ ಮೂರು ಅಂಕಿ ಮುಖ್ಯ. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಶೇ. 38ರಷ್ಟು ಜನರಲ್ಲಿ ಸೋಂಕಿನ ಗುರುತಿತ್ತು. ಹತ್ತು ವರ್ಷ ಮೀರಿದವರಲ್ಲಿ ಶೇ. 2ಕ್ಕೆ ತುಸು ಕಡಿಮೆ ಜನರ ಎಕ್ಸ್‌ರೇ ಸಕ್ರಿಯ ಕ್ಷಯವನ್ನು ಸೂಚಿಸಿತು. ಕಫದಲ್ಲಿ ರೋಗಾಣು ಸಿಕ್ಕಿ ಖಚಿತವಾದವರು ಮಾತ್ರ 1,000ಕ್ಕೆ ಸುಮಾರು 4. ಈ ಮೂರನೆಯ ಅಂಕಿಯನ್ನು ಒಂದು ಹಳ್ಳಿಗೆ ಇಳಿಸಿ ನೋಡಿದರೆ ಅದರ ಅರ್ಥ ತಿಳಿಯುತ್ತದೆ. 500 ಜನರ ಊರಿನಲ್ಲಿ ರೋಗ ಹರಡುವವರು ಒಬ್ಬರೋ ಇಬ್ಬರೋ. ಅವರನ್ನು ಹಿಡಿಯಲು ವ್ಯಾನು, ಜನರೇಟರು, ಫಿಲ್ಮು, ವೈದ್ಯರ ತಂಡ ಎಲ್ಲವನ್ನೂ ಹಳ್ಳಿಯಿಂದ ಹಳ್ಳಿಗೆ ಒಯ್ಯಬೇಕು. ಒಯ್ದರೂ ಮುಂದಿನ ವರ್ಷ ಬೇರೊಬ್ಬರಿಗೆ ರೋಗ ಬಂದಿರುತ್ತದೆ. ಸಮೀಕ್ಷೆಗೆ ಒಪ್ಪುವ ವಿಧಾನ ನಿತ್ಯದ ಕಾರ್ಯಕ್ರಮಕ್ಕೆ ಒಪ್ಪದು. ಬಡ ದೇಶದ ಆರೋಗ್ಯ ಇಲಾಖೆಗೆ ಈ ಖರ್ಚು ಹೊರಲಾರದ ಹೊರೆ.

ಹಾಗಾದರೆ ರೋಗಿಗಳು ಸಿಗುವುದು ಎಲ್ಲಿ? ಉತ್ತರ ಬಂದದ್ದು ಅದೇ ಜಿಲ್ಲೆಗೆ ಎರಡನೆಯ ಸಲ ಹೋದ ತಂಡದಿಂದ. ದೇವಬರ್ ಬ್ಯಾನರ್ಜಿ ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಮಾಜಮಾನವಶಾಸ್ತ್ರ ಕಲಿತು, ಕ್ಷಯ ಸಂಸ್ಥೆಯನ್ನು ಸೇರಿದ್ದವರು. ಸ್ನಾತಕೋತ್ತರ ತರಗತಿಯಲ್ಲಿ ಕಲಿತ ವಿದ್ಯೆ ನೇರವಾಗಿ ಒಂದು ರಾಷ್ಟ್ರೀಯ ನೀತಿಯಾಗಿ ಮಾರ್ಪಟ್ಟ ಉದಾಹರಣೆಗಳು ನಮ್ಮಲ್ಲಿ ಹೆಚ್ಚಿಲ್ಲ, ಇದು ಅವುಗಳಲ್ಲೊಂದು. ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಯೋಜಿಸಿದ ಅಧ್ಯಯನದಲ್ಲಿ, ಸಮೀಕ್ಷೆ ಮುಗಿದ ಹಳ್ಳಿಗಳಲ್ಲಿ ಕೆಲವಕ್ಕೆ ಸಂದರ್ಶಕರು ಮತ್ತೆ ಹೋದರು. ಎಕ್ಸ್‌ರೇಯಲ್ಲಿ ದೋಷ ಕಂಡವರನ್ನು ಮನೆಯಲ್ಲೇ ಕೂಡಿಸಿಕೊಂಡು ಮಾತಾಡಿಸಿದರು. ಹೋಲಿಕೆಗೆಂದು ಅದೇ ಊರಿನ, ಅದೇ ವಯಸ್ಸಿನ, ಎಕ್ಸ್‌ರೇ ಸರಿಯಿದ್ದವರನ್ನೂ ಕೇಳಿದರು. ಪ್ರಶ್ನೆಗಳು ಸರಳ. ಕೆಮ್ಮಿದೆಯೇ, ಜ್ವರ ಬರುತ್ತದೆಯೇ, ಎದೆ ನೋಯುತ್ತದೆಯೇ, ಕಫದಲ್ಲಿ ರಕ್ತ ಕಂಡಿದೆಯೇ. ಇದ್ದರೆ ಅದರ ಚಿಂತೆ ಇದೆಯೇ. ಚಿಂತೆಯಿದ್ದರೆ ಏನು ಮಾಡಿದಿರಿ?

ಹಳ್ಳಿಗರು ಅಜ್ಞಾನಿಗಳು, ರೋಗವಿದೆಯೆಂದೇ ಅವರಿಗೆ ತಿಳಿಯದು, ತಿಳಿದರೂ ದೇವರಿಗೆ ಹರಕೆ ಹೊತ್ತು ಸುಮ್ಮನಾಗುತ್ತಾರೆ ಎಂಬುದು ಆಗಿನ ವಿದ್ಯಾವಂತರ ಸಾಮಾನ್ಯ ಮಾತು. ಉತ್ತರಗಳು ಅದಕ್ಕೆ ತದ್ವಿರುದ್ಧವಾಗಿದ್ದವು. ಕಫದಲ್ಲಿ ರೋಗಾಣು ಇದ್ದವರಲ್ಲಿ ಶೇ. 95ರಷ್ಟು ಮಂದಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲವೆಂಬುದು ಗೊತ್ತಿತ್ತು. ಶೇ. 72ರಷ್ಟು ಮಂದಿ ಅದರ ಬಗ್ಗೆ ಚಿಂತಿಸಿದ್ದರು. ಶೇ. 52ರಷ್ಟು ಮಂದಿ ಉಪಶಮನ ಹುಡುಕಿ ಆಧುನಿಕ ವೈದ್ಯದ ಆಸ್ಪತ್ರೆ, ಔಷಧಾಲಯಗಳ ಬಾಗಿಲು ತಟ್ಟಿ ಬಂದಿದ್ದರು. ಅಲ್ಲಿ ಯಾರೂ ಅವರ ಕಫ ನೋಡಿರಲಿಲ್ಲ. ಕೆಮ್ಮಿನ ಔಷಧ ತುಂಬಿದ ಸೀಸೆ ಹಿಡಿದು ಮನೆಗೆ ಮರಳಿದ್ದರು. ಅರ್ಧಕ್ಕೂ ಹೆಚ್ಚು ರೋಗಿಗಳು ವೈದ್ಯರ ಎದುರಿಗೇ ಬಂದು ನಿಂತಿದ್ದರೂ ಇಲಾಖೆ ಅವರನ್ನು ಗುರುತಿಸಿರಲಿಲ್ಲ. ಇದನ್ನು ಬ್ಯಾನರ್ಜಿ ಜೀವನಪೂರ್ತಿ ಖಾರವಾಗಿಯೇ ಹೇಳುತ್ತ ಬಂದರು. ಅವರು ಮುಂದೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯ ಮತ್ತು ಸಮುದಾಯ ಆರೋಗ್ಯ ಕೇಂದ್ರವನ್ನು ಕಟ್ಟಿದರು. ಆರೋಗ್ಯವನ್ನು ಸಮಾಜವಿಜ್ಞಾನದ ಕಣ್ಣಿನಿಂದ ನೋಡುವ ಎಂ.ಫಿಲ್., ಪಿಎಚ್.ಡಿ. ವಿದ್ಯಾರ್ಥಿಗಳ ಹಲವು ತಲೆಮಾರು ಅಲ್ಲಿ ತಯಾರಾಯಿತು. ಆ ಕೇಂದ್ರದ ಬೇರಿನ ಒಂದು ಎಳೆ ತುಮಕೂರಿನ ಹಳ್ಳಿಗಳಲ್ಲಿದೆ.

ನೀತಿಯ ಮಟ್ಟದಲ್ಲಿ ಇದರ ಪರಿಣಾಮ ಬೇಗನೆ ಕಂಡಿತು. ಕೆಮ್ಮು ಹೊತ್ತು ತಾವಾಗಿಯೇ ಬರುವವರನ್ನು ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷಿಸಿ ಗುರುತಿಸುವುದು, ಅಲ್ಲಿಂದಲೇ ಮಾತ್ರೆ ಕೊಡುವುದು, ಜಿಲ್ಲೆಗೊಂದು ಕ್ಷಯ ಕೇಂದ್ರವಿಟ್ಟು ಮೇಲ್ವಿಚಾರಣೆ ಮಾಡುವುದು — ಇಷ್ಟು ಜಿಲ್ಲಾ ಕ್ಷಯ ಕಾರ್ಯಕ್ರಮದ ತಿರುಳು. ಇದನ್ನು ಪಕ್ಕದ ಅನಂತಪುರ ಜಿಲ್ಲೆಯಲ್ಲಿ ಪ್ರಯೋಗಿಸಿ ನೋಡಿ, 1962ರಿಂದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವಾಗಿ ದೇಶಕ್ಕೆ ಹರಡಲಾಯಿತು. ಪ್ರತಿ ಜಿಲ್ಲೆಯ ಕ್ಷಯಾಧಿಕಾರಿ, ಚಿಕಿತ್ಸಾ ಸಂಘಟಕ, ಪ್ರಯೋಗಾಲಯ ಮತ್ತು ಎಕ್ಸ್‌ರೇ ತಂತ್ರಜ್ಞ, ಅಂಕಿಅಂಶ ಸಹಾಯಕ ಇವರೆಲ್ಲ ತಂಡವಾಗಿ ಬೆಂಗಳೂರಿಗೆ ಬಂದು ತರಬೇತಿ ಪಡೆದರು. ಕಾಗದದ ಮೇಲೆ ಚೆನ್ನಾಗಿದ್ದ ಕಾರ್ಯಕ್ರಮ ನಡೆಯುವಲ್ಲಿ ಸೊರಗಿತು. ಔಷಧದ ಸರಬರಾಜು ತಪ್ಪುತ್ತಿತ್ತು, ವರ್ಷಗಟ್ಟಲೆ ಮಾತ್ರೆ ನುಂಗಬೇಕಾದ ರೋಗಿಗಳು ನಡುವೆಯೇ ಬಿಟ್ಟುಬಿಡುತ್ತಿದ್ದರು.

ಕ್ಷಯ ಸಂಸ್ಥೆ ಹೋದಲ್ಲಿಗೇ ಮತ್ತೆ ಹೋಗುವ ಅಭ್ಯಾಸ ಬಿಡಲಿಲ್ಲ. 12 ವರ್ಷಗಳ ಬಳಿಕ ತುಮಕೂರು ಜಿಲ್ಲೆಯ ಮರುಸಮೀಕ್ಷೆ ನಡೆಯಿತು. ಜಿ.ಡಿ. ಗೋಥಿ, ಎ.ಕೆ. ಚಕ್ರವರ್ತಿ ಮತ್ತು ಸಂಗಡಿಗರು 1979ರಲ್ಲಿ ಅದರ ವರದಿ ಪ್ರಕಟಿಸಿದರು. ಒಂದು ದಶಕಕ್ಕೂ ಹೆಚ್ಚು ಕಾಲ ಕಳೆದಿದ್ದರೂ ಜಿಲ್ಲೆಯಲ್ಲಿ ರೋಗಿಗಳ ಪ್ರಮಾಣ ಹೇಳಿಕೊಳ್ಳುವಷ್ಟು ಬದಲಾಗಿರಲಿಲ್ಲ. ಉತ್ಸಾಹ ತರುವ ಫಲಿತಾಂಶವಲ್ಲ. ಆದರೆ ಹಿಂದೆ ಅಳೆದ ಕೋಲಿನಿಂದಲೇ ಮತ್ತೆ ಅಳೆದದ್ದರಿಂದ ಅದು ನಂಬಬಹುದಾದ ಫಲಿತಾಂಶ.

ಈ ಎರಡು ಸಮೀಕ್ಷೆಗಳ ನಡುವಿನ ಕಾಲದಲ್ಲಿ ಬೆಂಗಳೂರು ಜಿಲ್ಲೆಯ 3 ತಾಲ್ಲೂಕುಗಳ 119 ಹಳ್ಳಿಗಳಲ್ಲಿ, 1961ರಿಂದ 1968ರವರೆಗೆ, ಒಂದೇ ಜನರನ್ನು ನಾಲ್ಕು ಬಾರಿ ಪರೀಕ್ಷಿಸಿದ ಅಧ್ಯಯನ ನಡೆದಿತ್ತು. ಕ್ಷಯಕ್ಕೆ ಸಂಘಟಿತ ಚಿಕಿತ್ಸೆ ಇಲ್ಲದ ಊರಿನಲ್ಲಿ ರೋಗದ ಗತಿ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಪಠ್ಯಪುಸ್ತಕಗಳು ಇಂದಿಗೂ ಉಲ್ಲೇಖಿಸುವುದು ಇದನ್ನೇ. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಇದ್ದವರಲ್ಲಿ 5 ವರ್ಷಗಳಲ್ಲಿ ಶೇ. 49ರಷ್ಟು ಮಂದಿ ಸತ್ತಿದ್ದರು. ಶೇ. 18ರಷ್ಟು ಮಂದಿಯ ಕಫದಲ್ಲಿ ರೋಗಾಣು ಹಾಗೆಯೇ ಇತ್ತು. ಉಳಿದ ಮೂರನೇ ಒಂದು ಭಾಗದವರಲ್ಲಿ ರೋಗಾಣು ಕಾಣದಾಗಿತ್ತು. ಈ ಅಂಕಿಗಳನ್ನು ಓದುವ ಇಂದಿನ ವಿದ್ಯಾರ್ಥಿಗಳು ತಡೆದು ನಿಲ್ಲುತ್ತಾರೆ. ಔಷಧ ಇದ್ದ ಕಾಲದಲ್ಲಿ ರೋಗಿಗಳನ್ನು ಕಂಡೂ ಗತಿ ನೋಡುತ್ತ ಹೋದದ್ದು ಸರಿಯೇ ಎಂಬ ಪ್ರಶ್ನೆ ತರಗತಿಯಲ್ಲಿ ಏಳುತ್ತದೆ, ಏಳಲೇಬೇಕು. ಸಂಶೋಧನೆಯ ನೀತಿಸಂಹಿತೆಯನ್ನು ವೈದ್ಯಕೀಯ ಸಂಶೋಧನಾ ಮಂಡಳಿ ಮೊದಲು ಹೊರಡಿಸಿದ್ದು 1980ರಲ್ಲಿ. 2000, 2006 ಮತ್ತು 2017ರಲ್ಲಿ ಅದನ್ನು ವಿಸ್ತರಿಸಿತು. ಇಂದು ಅಂಥ ಅಧ್ಯಯನಕ್ಕೆ ಯಾವ ನೀತಿ ಸಮಿತಿಯೂ ಒಪ್ಪಿಗೆ ಕೊಡದು.

ಇಲ್ಲಿಯವರೆಗಿನದು ಸಂಬಳದ ಸಂಶೋಧಕರ ಕಥೆ. ವಿದ್ಯಾರ್ಥಿಗಳ ಸಂಶೋಧನೆ ಜಿಲ್ಲೆಯಲ್ಲಿ ಬೇರೂರಿದ್ದು ವೈದ್ಯಕೀಯ ಕಾಲೇಜುಗಳ ಮೂಲಕ. ಮೈಸೂರು ವೈದ್ಯಕೀಯ ಕಾಲೇಜು 1924ರಷ್ಟು ಹಳೆಯದು, ಬೆಂಗಳೂರಿನದು 1955ರದು. ಸಮುದಾಯ ವೈದ್ಯ ವಿಭಾಗ ಪ್ರತಿ ಕಾಲೇಜಿನಲ್ಲೂ ಕಡ್ಡಾಯ. 1977ರಲ್ಲಿ ಕೇಂದ್ರ ಸರ್ಕಾರ ಪ್ರತಿ ವೈದ್ಯಕೀಯ ಕಾಲೇಜೂ 3 ಬ್ಲಾಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಹೊರಲಿ ಎಂಬ ಯೋಜನೆ ತಂದಿತು. ತುಮಕೂರಿಗೆ ತನ್ನದೇ ವೈದ್ಯಕೀಯ ಕಾಲೇಜು ಸಿಕ್ಕಿದ್ದು 1988ರಲ್ಲಿ, ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು ಆರಂಭವಾದಾಗ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ ರಾಜ್ಯದ ಬಹುತೇಕ ವೈದ್ಯಕೀಯ, ದಂತ, ನರ್ಸಿಂಗ್ ಕಾಲೇಜುಗಳ ಸ್ನಾತಕೋತ್ತರ ಪ್ರೌಢಪ್ರಬಂಧಗಳು ಒಂದೇ ಚೌಕಟ್ಟಿಗೆ ಬಂದವು.

ಆ ಚೌಕಟ್ಟು ಹೀಗಿದೆ. ಎಂ.ಡಿ. ಮೂರು ವರ್ಷದ ಓದು. ಮೊದಲ ವರ್ಷದಲ್ಲೇ ಗೈಡ್ ಜೊತೆ ಕೂತು ವಿಷಯ ಆರಿಸಿ ಸಿನಾಪ್ಸಿಸ್ ಸಲ್ಲಿಸಬೇಕು, ನೀತಿ ಸಮಿತಿಯ ಒಪ್ಪಿಗೆ ಪಡೆಯಬೇಕು. ಪ್ರಶ್ನಾವಳಿ ಕನ್ನಡಕ್ಕೆ ಬರಬೇಕು, ಕೆಲವು ಮನೆಗಳಲ್ಲಿ ಕೇಳಿ ನೋಡಿ ತಿದ್ದಬೇಕು. ಹಳ್ಳಿಗೆ ಹೋದಾಗ ಮೊದಲು ಸಿಗುವುದು ಆಶಾ ಕಾರ್ಯಕರ್ತೆ. ಯಾವ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾರು ತೋಟದಿಂದ ಎಷ್ಟು ಹೊತ್ತಿಗೆ ಮರಳುತ್ತಾರೆ, ಯಾರ ಮನೆಯ ನಾಯಿ ಕಚ್ಚುತ್ತದೆ ಎಲ್ಲವೂ ಅವರಿಗೆ ಗೊತ್ತು. ಪ್ರಬಂಧದ ಮೊದಲ ಪುಟಗಳ ಕೃತಜ್ಞತೆಯಲ್ಲಿ ಪ್ರಿನ್ಸಿಪಾಲರ ಹೆಸರು ಮೊದಲು ಬರುತ್ತದೆ. ಕೆಲಸದ ಲೆಕ್ಕ ಹಿಡಿದರೆ ಆಶಾ ಹೆಸರು ಮೊದಲು ಬರಬೇಕು.

ಈ ಪ್ರಬಂಧಗಳಲ್ಲಿ 400 ಎಂಬ ಸಂಖ್ಯೆ ಪದೇ ಪದೇ ಕಾಣುವುದಕ್ಕೆ ಕಾರಣವಿದೆ. ಎಷ್ಟು ಜನರನ್ನು ಪರೀಕ್ಷಿಸಿದರೆ ಸಾಕು ಎಂಬುದಕ್ಕೆ ಪಠ್ಯದಲ್ಲಿ ಒಂದು ಸೂತ್ರವಿದೆ. ರೋಗ ಇರುವವರ ಶೇಕಡಾವಾರು, ಇಲ್ಲದವರ ಶೇಕಡಾವಾರು ಇವೆರಡನ್ನು ಗುಣಿಸಿ, ನಾಲ್ಕರಿಂದ ಮತ್ತೆ ಗುಣಿಸಿ, ಒಪ್ಪಬಹುದಾದ ತಪ್ಪಿನ ವರ್ಗದಿಂದ ಭಾಗಿಸಬೇಕು. ಅರ್ಧ ಜನಕ್ಕೆ ರೋಗವಿದೆ ಎಂದು ಊಹಿಸಿ, ಶೇ. 5ರಷ್ಟು ಹೆಚ್ಚುಕಡಿಮೆಯಾದರೂ ಅಡ್ಡಿಯಿಲ್ಲ ಎಂದರೆ 50, 50 ಮತ್ತು 4ರ ಗುಣಲಬ್ಧ 10,000. ಅದನ್ನು 25ರಿಂದ ಭಾಗಿಸಿದರೆ 400. ರಕ್ತಹೀನತೆ, ರಕ್ತದೊತ್ತಡ, ಸಕ್ಕರೆ ಕಾಯಿಲೆಯಂಥ ಹತ್ತರಲ್ಲಿ ಹಲವರಿಗಿರುವ ತೊಂದರೆಗೆ ಇದು ಸಾಕು. 1,000ಕ್ಕೆ 4 ಜನರಿಗೆ ಇರುವ ಕ್ಷಯವನ್ನು 400 ಜನರಲ್ಲಿ ಹುಡುಕಿದರೆ ಒಬ್ಬರೋ ಇಬ್ಬರೋ ಸಿಕ್ಕಾರು, ಸಿಗದೆಯೂ ಹೋದಾರು. ಒಬ್ಬ ವಿದ್ಯಾರ್ಥಿ ಒಂದು ವರ್ಷದಲ್ಲಿ, ತನ್ನ ಖರ್ಚಿನಲ್ಲಿ, ಮಾಡಬಹುದಾದದ್ದಕ್ಕೆ ಮಿತಿಯಿದೆ. ಹೀಗಾಗಿ ವಿಷಯಗಳು ಸಾಮಾನ್ಯ ಕಾಯಿಲೆಗಳ ಕಡೆಗೇ ವಾಲಿವೆ: ಗರ್ಭಿಣಿಯರ ರಕ್ತಹೀನತೆ, ಮಕ್ಕಳ ತೂಕ, ಚುಚ್ಚುಮದ್ದು, ವೃದ್ಧರ ಕಣ್ಣು ಕಿವಿ, ತಂಬಾಕು. ಬೀಡಿ ಕಟ್ಟುವವರ ಆರೋಗ್ಯ, ಪಾವಗಡ ಕಡೆಯ ಕೊಳವೆಬಾವಿಗಳ ಫ್ಲೋರೈಡಿನಿಂದ ಹಲ್ಲು, ಮೂಳೆಗೆ ಬರುವ ತೊಂದರೆಗಳು ಈ ಸೀಮೆಯ ಬದುಕಿನಿಂದಲೇ ಬಂದ ವಿಷಯಗಳು.

ಈ ಪ್ರಬಂಧಗಳ ನಿಜವಾದ ಕೊರತೆ ಸಂಖ್ಯೆಯಲ್ಲಿಲ್ಲ. ಅವುಗಳಲ್ಲಿ ಬಹುಪಾಲು ಒಂದೇ ಭೇಟಿಯ ಅಧ್ಯಯನಗಳು. ವಿದ್ಯಾರ್ಥಿ ಬರುತ್ತಾರೆ, ರಕ್ತದೊತ್ತಡ ನೋಡುತ್ತಾರೆ, ಹೆಚ್ಚಿದ್ದವರಿಗೆ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಡುತ್ತಾರೆ. ಆ ಚೀಟಿ ಹಿಡಿದು ಅವರು ಹೋದರೇ, ಹೋದಾಗ ಮಾತ್ರೆ ಇತ್ತೇ, ಮರುತಿಂಗಳೂ ಸಿಕ್ಕಿತೇ ಎಂದು ಪ್ರಬಂಧ ಹೇಳುವುದಿಲ್ಲ. ಬ್ಯಾನರ್ಜಿ ತಂಡ ಮರಳಿ ಹೋಗಿ ಕೇಳಿದ್ದು ಇಂಥ ಪ್ರಶ್ನೆಯನ್ನೇ. ಪ್ರಬಂಧದ ಪ್ರತಿಗಳು ಕಾಲೇಜಿನ, ವಿಶ್ವವಿದ್ಯಾಲಯದ ಗ್ರಂಥಾಲಯ ಸೇರುತ್ತವೆ. ಅಧ್ಯಯನ ನಡೆದ ಆರೋಗ್ಯ ಕೇಂದ್ರಕ್ಕೆ ಕನ್ನಡದಲ್ಲಿ ಎರಡು ಪುಟದ ಸಾರಾಂಶವನ್ನಾದರೂ ಕೊಡಬೇಕೆಂಬ ನಿಯಮವಿದ್ದಿದ್ದರೆ ಕಪಾಟಿನಲ್ಲಿರುವ ಎಷ್ಟೋ ಮಾಹಿತಿ ಕೆಲಸಕ್ಕೆ ಬರುತ್ತಿತ್ತು.

ಈ ರೂಢಿಗೆ ಹೊರತಾದ ಕೆಲಸವೂ ನಡೆದಿದೆ. ನಿಮ್ಹಾನ್ಸ್‌ನ ಮನೋವೈದ್ಯರು ತುರುವೇಕೆರೆ ತಾಲ್ಲೂಕಿನಲ್ಲಿ ಸ್ಕಿಜೋಫ್ರೀನಿಯಾ ಇರುವವರನ್ನು ಊರೂರಿನಲ್ಲಿ ಗುರುತಿಸಿ, ತಾಲ್ಲೂಕಿನಲ್ಲೇ ಔಷಧ ಕೊಟ್ಟು, ವರ್ಷಗಟ್ಟಲೆ ಅವರ ಗತಿಯನ್ನು ಗಮನಿಸುತ್ತ ಬಂದಿದ್ದಾರೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ 2005ರಲ್ಲಿ ಆರಂಭವಾದದ್ದು. ಅದು ಮತ್ತೆ ಮತ್ತೆ ತುಮಕೂರನ್ನೇ ಆರಿಸಿಕೊಂಡಿತು. 2009ರಿಂದ ಅದು ಬೇರೆ ಸಂಸ್ಥೆಗಳ ಜೊತೆಗೂಡಿ ಜಿಲ್ಲೆಯ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೂ ಕಾರ್ಯಕ್ರಮ ವ್ಯವಸ್ಥಾಪಕರಿಗೂ ಆಡಳಿತದ ತರಬೇತಿ ನಡೆಸಿತು. ವೈದ್ಯರಾಗಿ ಓದಿದವರು ಏಕಾಏಕಿ ಬಜೆಟ್, ಸಿಬ್ಬಂದಿ, ವಾಹನ, ವಾರ್ಷಿಕ ಯೋಜನೆ ಎಲ್ಲವನ್ನೂ ನೋಡಿಕೊಳ್ಳಬೇಕಾದ ಹುದ್ದೆ ಅದು. ತರಗತಿಯ ಪಾಠದೊಂದಿಗೆ, ಅವರವರ ಕಚೇರಿಗೇ ಹೋಗಿ ಜೊತೆಗೆ ಕೂತು ಸಲಹೆ ಕೊಡುವ ಕ್ರಮವೂ ಇತ್ತು.

ಈ ತರಬೇತಿಯನ್ನೇ ಡಾ. ಎನ್.ಎಸ್. ಪ್ರಶಾಂತ್ ಬೆಲ್ಜಿಯಂನಲ್ಲಿ ಸಲ್ಲಿಸಿದ ತಮ್ಮ ಪಿಎಚ್.ಡಿ. ಅಧ್ಯಯನದ ವಸ್ತುವಾಗಿ ಮಾಡಿಕೊಂಡರು. ಅವರ ತಂಡದ ಲೇಖನ 2014ರಲ್ಲಿ ಪ್ರಕಟವಾಯಿತು. ತರಬೇತಿ ಫಲ ಕೊಟ್ಟಿತೇ ಎಂಬ ಹೌದು–ಇಲ್ಲದ ಪ್ರಶ್ನೆಯನ್ನು ಅವರು ಕೇಳಲಿಲ್ಲ. ಒಂದೇ ಪಾಠ ಕೇಳಿದ ಅಧಿಕಾರಿಗಳಲ್ಲಿ ಕೆಲವರ ತಾಲ್ಲೂಕಿನಲ್ಲಿ ಬದಲಾವಣೆ ಕಂಡು, ಇನ್ನು ಕೆಲವರಲ್ಲಿ ಕಾಣದಿರಲು ಕಾರಣವೇನು ಎಂದು ಹುಡುಕಿದರು. ಅಧಿಕಾರಿಗೆ ತನ್ನ ಸಂಸ್ಥೆಯ ಬಗ್ಗೆ ನಿಷ್ಠೆ, ತಾನು ಮಾಡಬಲ್ಲೆನೆಂಬ ನಂಬಿಕೆ, ಮೇಲಿನವರ ಬೆಂಬಲ ಮೂರೂ ಕೂಡಿಬಂದಲ್ಲಿ ಕಲಿತದ್ದು ಕೆಲಸಕ್ಕೆ ಇಳಿಯಿತು. ಯಾವುದಾದರೂ ತಪ್ಪಿದಲ್ಲಿ ತರಬೇತಿ ಪ್ರಮಾಣಪತ್ರಕ್ಕೇ ನಿಂತಿತು. ಸೀಮೆಯ ಸಂಶೋಧನೆಯ ಇತಿಹಾಸದಲ್ಲಿ ಇದೊಂದು ತಿರುವು. ಅಲ್ಲಿಯವರೆಗೆ ಪ್ರಶ್ನೆಗಳೆಲ್ಲ ರೋಗಿಯ ಕಡೆ ತಿರುಗಿದ್ದವು, ಇಲ್ಲಿ ಇಲಾಖೆಯ ಕಡೆ ತಿರುಗಿದವು. ಅದೇ ಸಂಸ್ಥೆ ಮುಂದೆ ಜಿಲ್ಲೆಯ 39 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು ಬಡವರಿಗೆ ಸಿಗುವ ಬಗೆಯನ್ನು, ಕೇಂದ್ರಗಳನ್ನು ಗುಂಪು ಮಾಡಿ ಹೋಲಿಸಿ, ಅಧ್ಯಯನ ಮಾಡಿತು.

ಕ್ಷಯದ ಪ್ರಶ್ನೆ ಮಾತ್ರ ಮುಗಿದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ 15 ವರ್ಷ ಮೀರಿದವರಲ್ಲಿ ಲಕ್ಷಕ್ಕೆ 316 ಮಂದಿಗೆ ಖಚಿತ ಶ್ವಾಸಕೋಶದ ಕ್ಷಯ ಕಂಡುಬಂತು. ಕ್ಷಯದ ಲಕ್ಷಣ ಇದ್ದವರಲ್ಲಿ ಸುಮಾರು ಶೇ. 64 ಮಂದಿ ಎಲ್ಲಿಯೂ ತೋರಿಸಿಕೊಂಡಿರಲಿಲ್ಲ, ಹೆಚ್ಚಿನವರು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ತುಮಕೂರಿನ ಶೇ. 52ರ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು ಜನ ಹಿಂದಿಗಿಂತ ಅಸಡ್ಡೆಯವರಾಗಿದ್ದಾರೆ ಎನ್ನುವುದು ತಪ್ಪಾಗುತ್ತದೆ. ಅಂದಿನ ಅಂಕಿ ಕಫದಲ್ಲಿ ರೋಗಾಣು ಇದ್ದವರದ್ದು ಮಾತ್ರ. ಇಂದಿನ ಅಂಕಿಯಲ್ಲಿ ಲಕ್ಷಣವಿದ್ದ ಎಲ್ಲರೂ ಸೇರಿದ್ದಾರೆ. ಇನ್ನೊಂದು ಫಲಿತಾಂಶ ಇದಕ್ಕಿಂತ ತೊಡಕಿನದು. ಎಕ್ಸ್‌ರೇ ತೆಗೆಯದೆ ಲಕ್ಷಣವನ್ನಷ್ಟೇ ಕೇಳಿದ್ದರೆ, ಸಿಕ್ಕ ರೋಗಿಗಳಲ್ಲಿ ಶೇ. 43ರಷ್ಟು ಮಂದಿ ತಪ್ಪಿಹೋಗುತ್ತಿದ್ದರು. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುತೇಕರಿಗೆ ಲಕ್ಷಣದ ಅರಿವು ಇರುತ್ತದೆ ಎಂಬ ಬ್ಯಾನರ್ಜಿ ತಂಡದ 1963ರ ತೀರ್ಮಾನಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ. ಪರೀಕ್ಷೆ ಸೂಕ್ಷ್ಮವಾಗಿದೆ, ಮೈಯಲ್ಲಿ ಕೆಮ್ಮು ಕಾಣಿಸುವ ಮೊದಲೇ ರೋಗ ಹಿಡಿಯುತ್ತದೆ ಎಂಬುದು ಒಂದು ವಿವರಣೆ. ಎರಡು ಸಮೀಕ್ಷೆಗಳು ಲಕ್ಷಣವನ್ನು ಕೇಳಿದ ರೀತಿಯೇ ಬೇರೆ ಎಂಬುದು ಇನ್ನೊಂದು. ಇದರ ಮೇಲೆ ಚರ್ಚೆ ನಡೆಯುತ್ತಿರುವಾಗಲೇ ಎಕ್ಸ್‌ರೇ ಮತ್ತೆ ಹಳ್ಳಿಗೆ ಬಂದಿದೆ. 2024ರ ಡಿಸೆಂಬರ್ 7ರಂದು ಆರಂಭವಾದ 100 ದಿನಗಳ ಕ್ಷಯ ಅಭಿಯಾನದಿಂದೀಚೆಗೆ, ಜನರೇಟರ್ ವ್ಯಾನು ಬೇಡದ, ಒಬ್ಬರೇ ಕೈಯಲ್ಲಿ ಒಯ್ಯಬಹುದಾದ ಎಕ್ಸ್‌ರೇ ಯಂತ್ರಗಳಿಂದ ಊರೂರಿನಲ್ಲಿ ತಪಾಸಣೆ ನಡೆಯುತ್ತಿದೆ. ಅವುಗಳಿಂದ ಸಿಗುವ ರೋಗಿಗಳ ಸಂಖ್ಯೆ ಖರ್ಚಿಗೆ ತಕ್ಕುದೇ, ಸಿಕ್ಕವರು ಆರು ತಿಂಗಳ ಔಷಧ ಮುಗಿಸುತ್ತಾರೆಯೇ ಎಂಬುದು ಈಗಿನ ಪ್ರೌಢಪ್ರಬಂಧಗಳಿಗೆ ಒದಗಿರುವ ವಿಷಯ.